ಬೈರಾಸಿನಡಿಯ ಮಾತು

ಕಾರ್ಕಳದಿಂದ ಕುದುರೆಮುಖದ ಕಡೆಗೆ ಹೋಗುವ ರಸ್ತೆಯಿಂದ ಬಜಗೋಳಿಯಲ್ಲಿ ಒಂದು ದಾರಿ ನಾರಾವಿಗೆ ಕವಲೊಡೆಯುತ್ತದೆ. ಇಂಥ ಊರುಗಳಲ್ಲಿ ತುಳು, ಕನ್ನಡ, ಕೊಂಕಣಿ, ಬ್ಯಾರಿ ಆಡುವವರು ಒಂದೇ ಅಂಗಡಿಯ ಮುಂದೆ ನಿಲ್ಲುತ್ತಾರೆ. ಮಾತು ತಿಳಿಯದಿದ್ದಾಗ, ಅಥವಾ ತಿಳಿದೂ ಬಾಯಿಬಿಡಬಾರದಿದ್ದಾಗ, ಕೈ ಮಾತಾಡುತ್ತದೆ. ಶಾಸನ, ಕಡತಗಳನ್ನು ಓದಿದಷ್ಟು ಶ್ರದ್ಧೆಯಿಂದ ನಾವು ಈ ಕೈಭಾಷೆಯನ್ನು ಓದಿಲ್ಲ.

ಕಾರ್ಕಳದ 42 ಅಡಿಯ ಗೊಮ್ಮಟ ಎದ್ದು ನಿಂತದ್ದು 1432ರಲ್ಲಿ. ಇಳಿಬಿಟ್ಟ ಎರಡು ತೋಳುಗಳಲ್ಲೇ ತ್ಯಾಗವನ್ನು ಹೇಳುವ ಮೂರ್ತಿ ಅದು. ಅದೇ ವರ್ಷದ ಕೊನೆಗೆ ಚೀನಾದ ಝೆಂಗ್ ಹೇ ಹಡಗುಪಡೆ ಕಲ್ಲಿಕೋಟೆಗೆ ಬಂದಿತ್ತು. ಆ ಯಾತ್ರೆಗಳಲ್ಲಿ ದುಭಾಷಿಯಾಗಿದ್ದ ಮಾ ಹುವಾನ್ ಎಂಬ ಚೀನೀ ಮುಸ್ಲಿಮ್ ಕಲ್ಲಿಕೋಟೆಯ ವ್ಯಾಪಾರವನ್ನು ಬರೆದಿಟ್ಟಿದ್ದಾನೆ. ಅಲ್ಲಿನವರು ಮಣಿಚೌಕಟ್ಟಿಲ್ಲದೆ ಕೈಕಾಲುಗಳ ಬೆರಳುಗಳಲ್ಲೇ ತಪ್ಪಿಲ್ಲದೆ ಲೆಕ್ಕ ಮಾಡುತ್ತಿದ್ದರಂತೆ. ಬೆಲೆ ಕುದುರಿದಾಗ ಎಲ್ಲರೂ ಕೈ ಹಿಡಿಯುತ್ತಿದ್ದರು. ಮುಂದೆ ದರ ಏರಲಿ, ಇಳಿಯಲಿ, ಆ ಹಿಡಿತವನ್ನು ಮುರಿಯುವಂತಿರಲಿಲ್ಲ.

ಕೈ ಹಿಡಿಯುವುದು ಎಲ್ಲರೆದುರು ನಡೆಯುವಂಥದು. ಮರೆಯಲ್ಲಿ ನಡೆಯುವುದು ಇನ್ನೊಂದಿತ್ತು. ಬಿಜಾಪುರದ ಸುಲ್ತಾನರ ಸೀಮೆಯ ವಜ್ರದ ಗಣಿಯಲ್ಲಿ ಅದನ್ನು ಕಂಡ ಫ್ರೆಂಚ್ ವ್ಯಾಪಾರಿ ತಾವೆರ್ನಿಯೆ 1676ರಲ್ಲಿ ಅಚ್ಚಾದ ತನ್ನ ಪ್ರವಾಸ ಕಥನದಲ್ಲಿ ವಿವರಿಸಿದ್ದಾನೆ. ಇಬ್ಬರು ಎದುರುಬದುರು ಕೂರುತ್ತಾರೆ. ಮಾರುವವನು ಕೊಳ್ಳುವವನ ಬಲಗೈಯನ್ನು ನಡುಕಟ್ಟಿನ ಬಟ್ಟೆಯಿಂದ ಮುಚ್ಚುತ್ತಾನೆ. ಇಡೀ ಕೈ ಒತ್ತಿದರೆ ಸಾವಿರ, ಐದು ಬೆರಳಿಗೆ ಐನೂರು, ಒಂದು ಬೆರಳಿಗೆ ನೂರು, ಅರ್ಧ ಬೆರಳಿಗೆ ಐವತ್ತು, ತುದಿಯ ಗೆಣ್ಣಿಗೆ ಹತ್ತು. ಸುತ್ತ ಜನ ನೆರೆದಿದ್ದರೂ ಬೆಲೆ ಯಾರಿಗೂ ತಿಳಿಯದು! ನಮ್ಮ ಬೈರಾಸು ದನದ ವ್ಯಾಪಾರದಲ್ಲಿ ಮಾಡಿದ್ದೂ ಇದೇ ಕೆಲಸ.

ಕರಾವಳಿಯ ಮುಸ್ಲಿಮರು ಹೆಚ್ಚಾಗಿ ಅನುಸರಿಸುವ ಶಾಫಿ ಪಂಥದ ಹಳೆಯ ವಿದ್ವಾಂಸರಲ್ಲಿ ಬಹುಪಾಲು ಮಂದಿ ಕೊಟ್ಟೆ, ಕೊಂಡೆ ಎಂಬ ಮಾತಿಲ್ಲದ ವ್ಯಾಪಾರವನ್ನು ಒಪ್ಪಿರಲಿಲ್ಲ. ಮೂಗರ ಸನ್ನೆಗೆ ಮಾತ್ರ ಮಾತಿನ ಬೆಲೆಯೇ ಇತ್ತು. ಬೆರಳು ದರ ಗೊತ್ತುಮಾಡಬಹುದು, ವ್ಯವಹಾರ ಮುಗಿಸಲು ನಾಲಗೆ ಬೇಕು ಎಂಬುದು ಅವರ ಎಚ್ಚರ.

ಆ ಎಚ್ಚರಕ್ಕೆ ಕಾರಣವಿರಬೇಕೆಂದು ನಮಗನಿಸುತ್ತದೆ. ಸನ್ನೆ ಬಲ್ಲವರು ದಲ್ಲಾಳಿಗಳು; ಫಸಲು ತಂದ ರೈತನಿಗೆ ಯಾರು ಎಷ್ಟು ಕೂಗಿದರೆಂಬುದೇ ತಿಳಿಯುತ್ತಿರಲಿಲ್ಲ. ಮುಚ್ಚಿದ ಬಟ್ಟೆಯೊಳಗೆ ಅವನ ವರ್ಷದ ದುಡಿಮೆ ಕೈಬದಲಾಗುತ್ತಿತ್ತು. ನಿಯಂತ್ರಿತ ಮಾರುಕಟ್ಟೆಗಳಲ್ಲಿ ಬಹಿರಂಗ ಹರಾಜು ಬಂದದ್ದು ಇದಕ್ಕಾಗಿಯೇ. ನಮ್ಮಲ್ಲಿ ಅದಕ್ಕೆ ಕಾನೂನಿನ ಬಲ ಕೊಟ್ಟದ್ದು 1966ರ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯಿದೆ.

ಹಾಗೆಂದು ಆ ಭಾಷೆ ಹೇಳಹೆಸರಿಲ್ಲದೆ ಹೋಗಬೇಕಿಲ್ಲ. ಯಾವ ಬೆರಳಿಗೆ ಎಷ್ಟು, ಬೇಡವೆಂದರೆ ಕೈ ಹೇಗೆ ಸರಿಯುತ್ತಿತ್ತು ಎಂಬುದನ್ನು ಬಲ್ಲ ಹಿರಿಯರು ನಿಮ್ಮ ಮನೆಯಲ್ಲಿದ್ದರೆ, ಒಂದು ಸಂಜೆ ಬೈರಾಸು ಹಾಸಿ ಅವರ ಮುಂದೆ ಕೈ ಚಾಚಿ.