ಬೆಲುಂ ಗುಹೆ: ಕಲ್ಲಿನ ಬಿರುಕು ಹಿಡಿದು ಹೋದ ನೀರಿನ ಕಥೆ

ಅಡುಗೆಮನೆ ಕಟ್ಟೆಗೆ, ಗೋಡೆ ಶೆಲ್ಫಿಗೆ ಹಾಕುವ ಕಪ್ಪು ಕಡಪ ಕಲ್ಲನ್ನು ನೀವೆಲ್ಲ ನೋಡಿದ್ದೀರಿ. ಅದರ ಮೇಲೆ ನಿಂಬೆರಸ ಚೆಲ್ಲಿ ಹಾಗೇ ಬಿಟ್ಟರೆ ಹೊಳಪು ಹೋಗಿ ಕಲೆ ಉಳಿಯುತ್ತದೆ. ಕಡಪ ಕಲ್ಲು ಸುಣ್ಣದ ಕಲ್ಲು, ಹುಳಿ ತಾಗಿದರೆ ಕರಗುತ್ತದೆ. ಈ ಒಂದು ಗುಣದಿಂದಲೇ ನೆರೆಯ ಆಂಧ್ರದಲ್ಲಿ ನೆಲದಡಿ 3,229 ಮೀಟರ್ ಉದ್ದದ ಗುಹೆ ಆಗಿದೆ. ಅದೇ ಬೆಲುಂ.

ಬಳ್ಳಾರಿಯಿಂದ ಗುಂತಕಲ್, ಗುತ್ತಿ, ತಾಡಪತ್ರಿ ದಾಟಿ ಹೋದರೆ ನಂದ್ಯಾಲ ಜಿಲ್ಲೆಯ ಕೊಲಿಮಿಗುಂಡ್ಲ ಮಂಡಲದಲ್ಲಿ ಈ ಗುಹೆ ಸಿಗುತ್ತದೆ. ಬೆಟ್ಟ ಹತ್ತಬೇಕಿಲ್ಲ. ಸಮತಟ್ಟಾದ ನೆಲದಲ್ಲಿ ಬಾವಿಯಂಥ ಗುಂಡಿ, ಅದರೊಳಗೆ ಇಳಿಯಲು ಮೆಟ್ಟಿಲು. ‘ಬಿಲ’ ಎಂಬ ಪದದಿಂದಲೇ ಬೆಲುಂ ಆಯಿತು ಎನ್ನುತ್ತಾರೆ.

ಗುಹೆ ಎಂದರೆ ನಮಗೆ ಬಾದಾಮಿ ನೆನಪಾಗುತ್ತದೆ. ಅದು ಮರಳುಗಲ್ಲು. ಅಲ್ಲಿ ಮನುಷ್ಯರು ಉಳಿ ಹಿಡಿದು ಕಡೆದರು. ಬೆಲುಂನಲ್ಲಿ ಕಡೆದದ್ದು ಮಳೆನೀರು. ಮಳೆನೀರು ಗಾಳಿಯಲ್ಲಿ, ಮಣ್ಣಿನಲ್ಲಿ ಇರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ತುಸು ಹುಳಿಯಾಗುತ್ತದೆ. ನಾಲಿಗೆಗೆ ಗೊತ್ತಾಗದಷ್ಟು ಹುಳಿ. ಸಾವಿರಾರು ವರ್ಷ ಹರಿದರೆ ಅಷ್ಟೇ ಸಾಕು.

ಆದರೆ ಈ ಕಲ್ಲು ಬಹಳ ಗಟ್ಟಿ, ಒತ್ತೊತ್ತು. ನೀರು ಎಲ್ಲೆಂದರಲ್ಲಿ ಇಂಗುವುದಿಲ್ಲ. ಒಳಗಿಳಿಯಲು ಎರಡೇ ದಾರಿ. ಒಂದು, ನಿಂತ ಸೀಳು. ಇನ್ನೊಂದು, ಪುಸ್ತಕದ ಹಾಳೆಯಂತೆ ಮಲಗಿದ ಪದರಗಳ ನಡುವಿನ ಸಂದು. ಕಲ್ಲು ಕಡಿಯುವವರು ಚಪ್ಪಡಿ ಎಬ್ಬಿಸುವುದೂ ಇದೇ ಸಂದು ನೋಡಿಯೇ. ಸೀಳು ಹೋದ ಕಡೆ ಗುಹೆಯ ಓಣಿ ಹೋಗುತ್ತದೆ. ಎರಡು ಸೀಳು ಕೂಡುವಲ್ಲಿ ಹೆಚ್ಚು ಕಲ್ಲು ಕರಗಿ ಓಣಿ ಅಗಲವಾಗುತ್ತದೆ. ಪದರ ಮಲಗಿರುವುದರಿಂದ ಸೂರು ಎಷ್ಟೋ ಕಡೆ ಚಪ್ಪಟೆ. ನೀರು ಇನ್ನೂ ಕೆಳಗಿಳಿದಾಗ ಮೇಲಿನ ಓಣಿಗಳು ಒಣಗಿದವು. ಸೂರಿನ ಬಿರುಕಿನಿಂದ ತೊಟ್ಟಿಕ್ಕಿದ ಹನಿಗಳು ಕರಗಿಸಿ ತಂದ ಸುಣ್ಣವನ್ನು ಅಲ್ಲೇ ಬಿಟ್ಟವು. ಕೋಟಿಲಿಂಗಾಲು ಎಂಬ ಕಡೆ ಜನ ಲಿಂಗಗಳೆಂದು ಕೈಮುಗಿಯುವುದು ಆ ಸುಣ್ಣಕ್ಕೇ.

ಇದನ್ನು 1884ರಲ್ಲಿ ಬರಹಕ್ಕೆ ತಂದವರು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್. ಬಳ್ಳಾರಿ ಪಕ್ಕದ ಸಂಗನಕಲ್ಲಿನ ಪ್ರಾಚೀನ ನೆಲೆಯನ್ನು ಗುರುತಿಸಿದವರೂ ಅವರೇ. ಆಮೇಲೆ ಸುಮಾರು ನೂರು ವರ್ಷ ಯಾರೂ ಗುಹೆಯನ್ನು ಸರಿಯಾಗಿ ಅಳೆಯಲಿಲ್ಲ. ಸುತ್ತಲಿನ ಕಸ ತಂದು ಸುರಿಯುವ ಗುಂಡಿಯಾಯಿತು. 1982-83ರಲ್ಲಿ ಹರ್ಬರ್ಟ್ ಡೇನಿಯಲ್ ಗೆಬಾವರ್ ಮುಂದಾಳತ್ವದ ಜರ್ಮನ್ ತಂಡ ಒಳಹೊಕ್ಕು ವಿವರವಾಗಿ ಅಳೆಯಿತು. 1988ರಲ್ಲಿ ಸರ್ಕಾರ ರಕ್ಷಿತ ತಾಣವೆಂದು ಸಾರಿತು. ಊರಿನವರು ಕೈಜೋಡಿಸಿ ಕಸ ತೆಗೆಸಿದರು. 1999ರಲ್ಲಿ ಪ್ರವಾಸೋದ್ಯಮ ನಿಗಮ ಕೈಗೆತ್ತಿಕೊಂಡಿತು, 2002ರಲ್ಲಿ ಗುಹೆ ಜನರಿಗೆ ತೆರೆಯಿತು. ಈಗ ಸುಮಾರು ಒಂದೂವರೆ ಕಿ.ಮೀ. ಒಳಗೆ ನಡೆಯಬಹುದು.

ಗುಹೆಯ ತೀರಾ ಆಳದ ಜಾಗ ಪಾತಾಳಗಂಗೆ. ಬಾಗಿಲ ಮಟ್ಟದಿಂದ 46 ಮೀಟರ್ ಕೆಳಗೆ ಸಣ್ಣ ತೊರೆಯೊಂದು ಹರಿದು ಕಲ್ಲಿನೊಳಗೆ ಕಾಣೆಯಾಗುತ್ತದೆ. ಅದು ಎರಡು ಕಿ.ಮೀ. ದೂರದ ಬೆಲುಂ ಊರಿನ ಬಾವಿಗೆ ಹೋಗುತ್ತದೆ ಎಂಬುದು ಜನರ ನಂಬಿಕೆ.

ಈ ನಂಬಿಕೆಯನ್ನು ನಾವು ಹಗುರವಾಗಿ ನೋಡುವುದಿಲ್ಲ. ಮಣ್ಣು, ಮರಳಿನಲ್ಲಿ ಇಳಿಯುವ ನೀರು ಸೋಸಿಕೊಂಡು ಇಳಿಯುತ್ತದೆ. ಸುಣ್ಣದ ಕಲ್ಲಿನ ಸೀಳಿನಲ್ಲಿ ಸೋಸುವವರು ಯಾರೂ ಇಲ್ಲ. ಪೈಪಿನಲ್ಲಿ ಹೋದಂತೆ ಮೇಲಿನ ಕೊಳೆ ಕೆಳಗಿನ ನೀರಿಗೆ ನೇರವಾಗಿ ಸೇರುತ್ತದೆ. ಅಂದು ಗುಹೆಗೆ ಕಸ ಸುರಿದವರಿಗೆ ಅದು ಬರೀ ಹಾಳು ಗುಂಡಿ. ನೀರಿಗೆ ಮಾತ್ರ ಅದು ದಾರಿ.

ಸುಣ್ಣದ ಕಲ್ಲು ನಮ್ಮಲ್ಲೂ ಇದೆ. ಕಲಬುರಗಿ ಕಡೆಯ ಶಹಾಬಾದ್ ಕಲ್ಲು ಅದೇ ಜಾತಿಯದು, ಹಾಗೇ ಪದರ ಪದರವಾಗಿ ಮಲಗಿದೆ. ಸೇಡಂ, ವಾಡಿಯ ಸಿಮೆಂಟ್ ಕಾರ್ಖಾನೆಗಳು ನಡೆಯುವುದು ಅದರಿಂದಲೇ. ಬಾಗಲಕೋಟೆ ಜಿಲ್ಲೆಯ ಲೋಕಾಪುರದ ಸುತ್ತಲೂ ಸುಣ್ಣದ ಕಲ್ಲಿದೆ. ಎಲ್ಲ ಕಡೆ ಬೆಲುಂನಷ್ಟು ದೊಡ್ಡ ಗುಹೆ ಇರಬೇಕಿಲ್ಲ, ನೀರಿಗೆ ಬೆರಳು ತೂರುವಷ್ಟು ಸಂದು ಸಾಕು. ಬತ್ತಿದ ಬಾವಿ, ಕೆಟ್ಟುಹೋದ ಬೋರ್‌ವೆಲ್, ಬಿಟ್ಟುಹೋದ ಕಲ್ಲುಗಣಿ ಕಂಡರೆ ಕಸ, ಸತ್ತ ದನ, ಔಷಧಿ ಡಬ್ಬ ಎಸೆಯುವುದು ಅನೇಕ ಊರುಗಳಲ್ಲಿ ರೂಢಿ. ಕಲ್ಲು ಸುಣ್ಣದ್ದಾದರೆ ಆ ರೂಢಿ ಪಕ್ಕದ ಹೊಲದ ಬೋರ್‌ವೆಲ್ಲಿಗೆ, ಕೊನೆಗೆ ಮನೆಯ ಕೊಡಕ್ಕೇ ಬರುತ್ತದೆ.

ಗ್ರಾಮಸಭೆಯಲ್ಲಿ ಕಸದ ಜಾಗ ಗೊತ್ತು ಮಾಡುವಾಗ ಒಂದು ಮಾತು ಕೇಳಿ: ಇಲ್ಲಿ ಮಣ್ಣಿನ ಕೆಳಗೆ ಇರುವುದು ಯಾವ ಕಲ್ಲು? ಊರಿನಲ್ಲಿ ಬಾವಿ ತೋಡಿದ ಹಿರಿಯರಿಗೆ, ಕಲ್ಲು ಕಡಿಯುವವರಿಗೆ ಇದಕ್ಕೆ ಉತ್ತರ ಗೊತ್ತಿರುತ್ತದೆ.