ಗ್ರಾಫಿಕ್ಸ್ ಕಾರ್ಡ್ ಕೊಳ್ಳುವ ಮೊದಲು ಅದರ ಚರಿತ್ರೆ ಓದೋಣ



ಪ್ಲಸ್ ಟು ಮುಗಿದು ಡಿಗ್ರಿಗೆ ಸೇರುವ ಹೊತ್ತಿಗೆ ನಮ್ಮ ಅನೇಕ ಮನೆಗಳಲ್ಲಿ ಒಂದು ಬೇಡಿಕೆ ಏಳುತ್ತದೆ. ಕಂಪ್ಯೂಟರ್ ಬೇಕು, ಅದರಲ್ಲಿ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇರಲೇಬೇಕು. ಮಗಳಿಗೆ ಗೇಮ್ ಆಡುವ ಆಸೆ, ಮಗನಿಗೆ ವಿಡಿಯೊ ಎಡಿಟಿಂಗ್ ಕಲಿಯುವ ಆಸೆ. ಹಣ ಬರುವುದು ಗಲ್ಫಿನಲ್ಲಿ ದುಡಿಯುವ ಅಪ್ಪನಿಂದ, ಇಲ್ಲವೇ ಆ ವರ್ಷದ ಅಡಿಕೆಯಿಂದ. ಆ ಹಣದ ದೊಡ್ಡ ಪಾಲು ಒಂದೇ ಒಂದು ಕಾರ್ಡಿಗೆ ಹೋಗುತ್ತದೆ. ಆದರೆ ಅದು ಏನು ಮಾಡುತ್ತದೆ, ಅದಕ್ಕೆ ಇಷ್ಟು ಬೆಲೆ ಏಕೆ ಎಂದು ಮನೆಯಲ್ಲಿ ಯಾರಿಗೂ ಸರಿಯಾಗಿ ತಿಳಿದಿರುವುದಿಲ್ಲ.

ಇಂಥ ಕಾರ್ಡನ್ನೇ ಕೊಳ್ಳಿ ಎಂದು ನಾವು ಇಲ್ಲಿ ಹೇಳುವುದಿಲ್ಲ. ಮಾಡೆಲ್‌ಗಳ ಹೆಸರು ಎರಡು ವರ್ಷದಲ್ಲಿ ಹಳತಾಗುತ್ತದೆ. ಚರಿತ್ರೆ ಗೊತ್ತಿದ್ದರೆ ಯಾವ ವರ್ಷ ಅಂಗಡಿಗೆ ಹೋದರೂ ಕೇಳಬೇಕಾದ ಪ್ರಶ್ನೆ ನಮ್ಮ ಬಾಯಲ್ಲಿರುತ್ತದೆ.

ಚಿತ್ರ ಬಿಡಿಸುವ ಕೆಲಸ ಯಾರದು?

1981ರಲ್ಲಿ ಐಬಿಎಂ ಕಂಪನಿಯ ಪಿಸಿ ಬಂದಾಗ ಅದರ ಬಣ್ಣದ ಕಾರ್ಡಿನ ಹೆಸರು ಸಿಜಿಎ. ಅದರ ಮೆಮೊರಿ 16 ಕಿಲೋಬೈಟ್. ಗೇಮ್‌ಗಳು ಬಳಸುತ್ತಿದ್ದ 320×200 ಚುಕ್ಕಿಗಳ ಪರದೆಯಲ್ಲಿ ಒಮ್ಮೆಗೆ 4 ಬಣ್ಣ ಮಾತ್ರ. 1987ರ ವಿಜಿಎ ಅದೇ ಗಾತ್ರದಲ್ಲಿ 256 ಬಣ್ಣ ಕೊಟ್ಟಿತು. ಆದರೆ ಈ ಕಾರ್ಡುಗಳು ಚಿತ್ರವನ್ನು ತಾವಾಗಿ ಬಿಡಿಸುತ್ತಿರಲಿಲ್ಲ. ಬಿಡಿಸುವುದು ಸಿಪಿಯು, ಪರದೆಗೆ ತಲುಪಿಸುವುದು ಕಾರ್ಡು. 1993ರ ಡಿಸೆಂಬರ್‌ನಲ್ಲಿ ಬಂದ ಪ್ರಸಿದ್ಧ ಗೇಮ್ 'ಡೂಮ್' ಪೂರ್ತಿಯಾಗಿ ಸಿಪಿಯು ಬಲದಿಂದಲೇ ಓಡಿತು.

1996ರಲ್ಲಿ 'ಕ್ವೇಕ್' ಬಂದಾಗ ಪರಿಸ್ಥಿತಿ ಬದಲಾಯಿತು. ಅದರ ಲೋಕ ನಿಜವಾದ ಮೂರು ಆಯಾಮದ್ದು. ಒಂದು ಲೆಕ್ಕ ಹಾಕಿ ನೋಡೋಣ. 640×480 ಪರದೆಯಲ್ಲಿ 3,07,200 ಚುಕ್ಕಿಗಳಿವೆ. ಸೆಕೆಂಡಿಗೆ 30 ಸಲ ಬಿಡಿಸಿದರೆ ಸುಮಾರು 92 ಲಕ್ಷ ಚುಕ್ಕಿಗಳ ಬಣ್ಣ ನಿರ್ಧರಿಸಬೇಕು. ಇಂದಿನ ಸಾಮಾನ್ಯ 1920×1080 ಪರದೆಯಲ್ಲಿ ಸೆಕೆಂಡಿಗೆ 60 ಸಲವೆಂದರೆ 12 ಕೋಟಿಗೂ ಹೆಚ್ಚು.

ಇಲ್ಲಿ ಒಂದು ಅನುಕೂಲವಿದೆ. ಹೆಚ್ಚಿನ ಚುಕ್ಕಿಗಳ ಲೆಕ್ಕ ಪಕ್ಕದ ಚುಕ್ಕಿಗಾಗಿ ಕಾಯುವುದಿಲ್ಲ. ನಮ್ಮ ಮನೆಗಳಲ್ಲಿ ಅಡಿಕೆ ಸುಲಿಯುವುದನ್ನು ನೆನಪಿಸಿಕೊಳ್ಳಿ. ಒಬ್ಬ ಎಷ್ಟೇ ಚುರುಕಾಗಿದ್ದರೂ ಇಪ್ಪತ್ತು ಮಂದಿ ಸೇರಿ ಸುಲಿದಷ್ಟು ಬೇಗ ಮುಗಿಯದು. ಒಂದು ಅಡಿಕೆಗೂ ಇನ್ನೊಂದಕ್ಕೂ ಸಂಬಂಧವಿಲ್ಲವಲ್ಲ. ಸಿಪಿಯು ಅಂದರೆ ಎಲ್ಲ ಕೆಲಸ ಬಲ್ಲ ಕೆಲವೇ ಮಂದಿ. ಗ್ರಾಫಿಕ್ಸ್ ಚಿಪ್ ಅಂದರೆ ಒಂದೇ ಬಗೆಯ ಕೆಲಸವನ್ನು ಒಟ್ಟಿಗೆ ಮಾಡುವ ಸಾವಿರಾರು ಮಂದಿ.

ಗೆದ್ದವರು ಸೋತರು, ಸೋತವರು ಗೆದ್ದರು

1994ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಆರಂಭವಾದ 3ಡಿಎಫ್‌ಎಕ್ಸ್ ಕಂಪನಿ 1996ರಲ್ಲಿ 'ವೂಡೂ' ಚಿಪ್ ತಂದಿತು. ಆ ಹೊತ್ತಿಗೆ ಮೆಮೊರಿಯ ಬೆಲೆ ಇಳಿದದ್ದರಿಂದ 4 ಮೆಗಾಬೈಟ್ ಇರುವ ಕಾರ್ಡನ್ನು ಮನೆಬಳಕೆಯ ಬೆಲೆಗೆ ಕೊಡಲು ಸಾಧ್ಯವಾಯಿತು. ವೂಡೂಗೆ 3ಡಿ ಬಿಟ್ಟು ಬೇರೇನೂ ಬರುತ್ತಿರಲಿಲ್ಲ. ಸಾದಾ ಕೆಲಸಕ್ಕೆ ಇನ್ನೊಂದು ಕಾರ್ಡು ಬೇಕು, ಎರಡನ್ನೂ ಹೊರಗಿನಿಂದ ಒಂದು ಕೇಬಲ್ ಜೋಡಿಸಬೇಕು. ಆದರೂ 1997ರ ಆರಂಭದಲ್ಲಿ ಕ್ವೇಕ್ ಗೇಮಿನ 3ಡಿ ಕಾರ್ಡಿಗೆ ಹೊಂದುವ ಆವೃತ್ತಿ ಬಂದಾಗ, ಆಡಿದವರು ಹಿಂದೆ ನೋಡಲಿಲ್ಲ.

ಅದೇ ಕಾಲದಲ್ಲಿ ಎನ್‌ವಿಡಿಯಾ ಮುಳುಗುತ್ತಿತ್ತು. ಜೆನ್ಸನ್ ಹುವಾಂಗ್, ಕ್ರಿಸ್ ಮಲಖೋವ್‌ಸ್ಕಿ, ಕರ್ಟಿಸ್ ಪ್ರೀಮ್ ಎಂಬ ಮೂವರು 1993ರಲ್ಲಿ ಕಟ್ಟಿದ ಕಂಪನಿ ಅದು. 1995ರ ಅವರ ಮೊದಲ ಚಿಪ್ ಬಾಗಿದ ಮೇಲ್ಮೈಗಳಿಂದ ಚಿತ್ರ ಕಟ್ಟುತ್ತಿತ್ತು. ಮುಂದಿನ ವರ್ಷ ಬಂದ ಮೈಕ್ರೋಸಾಫ್ಟಿನ ಡೈರೆಕ್ಟ್‌3ಡಿ ತ್ರಿಕೋನಗಳನ್ನು ಆಧಾರವಾಗಿಟ್ಟುಕೊಂಡಿತು. ಗೇಮ್ ಬರೆಯುವವರೆಲ್ಲ ತ್ರಿಕೋನದ ದಾರಿ ಹಿಡಿದರು. ಎನ್‌ವಿಡಿಯಾ ತನ್ನ ಅರ್ಧಕ್ಕಿಂತ ಹೆಚ್ಚು ಕೆಲಸಗಾರರನ್ನು ಬಿಡಬೇಕಾಯಿತು. ಜಪಾನಿನ ಸೆಗಾ ಕಂಪನಿ ಹೂಡಿದ 50 ಲಕ್ಷ ಡಾಲರ್ ಅದನ್ನು ಉಳಿಸಿತು. 1997ರಲ್ಲಿ ತ್ರಿಕೋನದ ದಾರಿಯಲ್ಲೇ ಬಂದ 'ರೀವಾ 128' ಮಾರುಕಟ್ಟೆಯಲ್ಲಿ ಗೆದ್ದಿತು. ಗೇಮ್ ಬರೆಯುವವರು ಯಾವ ದಾರಿ ಹಿಡಿದಿದ್ದಾರೋ ಆ ದಾರಿಗೆ ಹೊಂದದ ಯಂತ್ರ ಎಷ್ಟು ಜಾಣತನದ್ದಾದರೂ ಮೂಲೆ ಸೇರುತ್ತದೆ.

ಇತ್ತ 3ಡಿಎಫ್‌ಎಕ್ಸ್ ಕಾರ್ಡು ತಯಾರಿಸುವ ಎಸ್‌ಟಿಬಿ ಕಂಪನಿಯನ್ನು ಕೊಂಡು, ಚಿಪ್ ಜೊತೆ ಕಾರ್ಡನ್ನೂ ತಾನೇ ಮಾರಲು ಹೊರಟಿತು. ಅದುವರೆಗೆ ಅದರ ಚಿಪ್ ಬಳಸುತ್ತಿದ್ದ ಇತರ ತಯಾರಕರು ಎನ್‌ವಿಡಿಯಾ ಕಡೆ ತಿರುಗಿದರು. ಹೊಸ ಚಿಪ್‌ಗಳೂ ತಡವಾದವು. 2000ದ ಡಿಸೆಂಬರ್‌ನಲ್ಲಿ 3ಡಿಎಫ್‌ಎಕ್ಸ್ ತನ್ನ ಆಸ್ತಿಯನ್ನು ಎನ್‌ವಿಡಿಯಾಕ್ಕೇ ಮಾರಲು ಒಪ್ಪಿತು. ಆಗಷ್ಟೇ ವೂಡೂ ಕಾರ್ಡು ಕೊಂಡವರ ಗತಿ? ಕಾರ್ಡು ಕೆಡಲಿಲ್ಲ, ಆದರೆ ಕಂಪನಿಯಿಂದ ಹೊಸ ಡ್ರೈವರ್ ಬರುವುದು ನಿಂತಿತು. ಕಾರ್ಡು ಕೊಳ್ಳುವಾಗ ನಾವು ಮುಂದಿನ ಕೆಲವು ವರ್ಷಗಳ ಡ್ರೈವರನ್ನೂ ಸೇರಿಸಿಯೇ ಕೊಳ್ಳುತ್ತೇವೆ.

1999ರ 'ಜಿಫೋರ್ಸ್ 256' ತ್ರಿಕೋನಗಳ ಸ್ಥಾನ ಮತ್ತು ಬೆಳಕಿನ ಲೆಕ್ಕವನ್ನೂ ಸಿಪಿಯುವಿನಿಂದ ಕಾರ್ಡಿಗೆ ತಂದಿತು. ಜಿಪಿಯು ಎಂಬ ಹೆಸರು ಮನೆಮಾತಾದದ್ದು ಅದರಿಂದಲೇ. ಕೆನಡಾದ ಎಟಿಐ 2000ದಲ್ಲಿ 'ರೇಡಿಯಾನ್' ಹೆಸರಿನೊಂದಿಗೆ ಕಣಕ್ಕಿಳಿದು, 2002ರ ರೇಡಿಯಾನ್ 9700 ಮೂಲಕ ಎನ್‌ವಿಡಿಯಾವನ್ನು ಹಿಂದೆ ಹಾಕಿತು. 2006ರಲ್ಲಿ ಎಎಂಡಿ ಎಟಿಐಯನ್ನು ಕೊಂಡಿತು. ಅಂದಿನಿಂದ ಗೇಮಿಂಗ್ ಕಾರ್ಡಿನ ಸಂತೆಯಲ್ಲಿ ಎರಡೇ ಅಂಗಡಿ. 2022ರಲ್ಲಿ ಇಂಟೆಲ್ ಕಂಪನಿ 'ಆರ್ಕ್' ಕಾರ್ಡುಗಳೊಂದಿಗೆ ಮೂರನೆಯದಾಗಿ ಸೇರಿತು. ಊರಲ್ಲಿ ಎರಡು ಮೂರು ಅಂಗಡಿ ಮಾತ್ರ ಇದ್ದರೆ ಬೆಲೆ ಹೇಗಿರುತ್ತದೆ ಎಂದು ನಮಗೆ ಗೊತ್ತೇ ಇದೆ.

ಪೆಟ್ಟಿಗೆಯ ಮೇಲಿನ ಹೆಸರು

ಒಂದೇ ಹೆಸರಿನ ಒಳಗೆ ಬೇರೆ ಬೇರೆ ವಸ್ತು ಇರಬಹುದು. 2014ರ ಜಿಟಿಎಕ್ಸ್ 970 ಕಾರ್ಡಿನಲ್ಲಿ 4 ಜಿಬಿ ಮೆಮೊರಿ ಇತ್ತು, ಆದರೆ ಕೊನೆಯ ಅರ್ಧ ಜಿಬಿ ಉಳಿದದ್ದಕ್ಕಿಂತ ತೀರ ನಿಧಾನ. ವಿಷಯ ಹೊರಬಿದ್ದ ಮೇಲೆ ಅಮೆರಿಕದಲ್ಲಿ ಮೊಕದ್ದಮೆಯಾಗಿ, 2016ರಲ್ಲಿ ಕೊಂಡವರಿಗೆ ಕಾರ್ಡಿಗೆ 30 ಡಾಲರ್ ಕೊಡುವ ಒಪ್ಪಂದವಾಯಿತು. 2016ರ ಜಿಟಿಎಕ್ಸ್ 1060 ಕಾರ್ಡು 6 ಜಿಬಿ, 3 ಜಿಬಿ ಎಂದು ಎರಡು ಬಗೆಯಲ್ಲಿ ಬಂತು. ವ್ಯತ್ಯಾಸ ಮೆಮೊರಿಯದ್ದು ಮಾತ್ರ ಎಂದು ಜನ ತಿಳಿದರು. ನಿಜಕ್ಕೂ ಮೊದಲನೆಯದರಲ್ಲಿ 1280 ಕೋರ್, ಎರಡನೆಯದರಲ್ಲಿ 1152. ಕಡಿಮೆ ಬೆಲೆಯ ಜಿಟಿ 1030 ಕಾರ್ಡಿಗೆ 2018ರಲ್ಲಿ ನಿಧಾನಗತಿಯ ಡಿಡಿಆರ್4 ಮೆಮೊರಿ ಹಾಕಿ ಅದೇ ಹೆಸರಿನಲ್ಲಿ ಮಾರಿದರು. ಮೆಮೊರಿಯ ವೇಗ ಮೊದಲಿನ ಅರ್ಧವೂ ಇರಲಿಲ್ಲ. 2022ರಲ್ಲಿ ಆರ್‌ಟಿಎಕ್ಸ್ 4080 ಹೆಸರಿನಲ್ಲಿ ಎರಡು ಬೇರೆ ಬೇರೆ ಚಿಪ್‌ಗಳನ್ನು ಪ್ರಕಟಿಸಿದಾಗ ಟೀಕೆ ಎಷ್ಟು ಬಂತೆಂದರೆ, 12 ಜಿಬಿಯ ಕಾರ್ಡನ್ನು ಹಿಂದಕ್ಕೆ ಪಡೆದು ಮುಂದಿನ ಜನವರಿಯಲ್ಲಿ 4070 ಟಿಐ ಎಂದು ಹೆಸರು ಬದಲಿಸಿ ತರಬೇಕಾಯಿತು.

ಆದ್ದರಿಂದ "ಎಷ್ಟು ಜಿಬಿ?" ಎಂಬ ಒಂದೇ ಪ್ರಶ್ನೆ ಸಾಲದು. ಕಾರ್ಡಿನ ಪೂರ್ಣ ಹೆಸರು, ಮೆಮೊರಿಯ ಬಗೆ ಎರಡನ್ನೂ ಬರೆದುಕೊಂಡು, ಅದೇ ಕಾರ್ಡಿನಲ್ಲಿ ನಾವು ಆಡುವ ಗೇಮ್ ಹೇಗೆ ಓಡುತ್ತದೆ ಎಂಬ ಪರೀಕ್ಷೆಗಳನ್ನು ನೋಡಬೇಕು.

ಗೇಮ್ ಆಡದ ಗಿರಾಕಿಗಳು

2006-07ರಲ್ಲಿ ಎನ್‌ವಿಡಿಯಾ 'ಕೂಡಾ' ಎಂಬ ವ್ಯವಸ್ಥೆ ತಂದು, ಜಿಪಿಯುವಿನಲ್ಲಿ ಚಿತ್ರವಲ್ಲದ ಲೆಕ್ಕಗಳನ್ನೂ ಸುಲಭವಾಗಿ ಮಾಡುವ ದಾರಿ ತೆರೆಯಿತು. 2012ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯದ ಅಲೆಕ್ಸ್ ಕ್ರಿಜೆವ್‌ಸ್ಕಿ, ಇಲ್ಯಾ ಸುಟ್ಸ್‌ಕೆವರ್, ಜೆಫ್ರಿ ಹಿಂಟನ್ ಚಿತ್ರಗಳನ್ನು ಗುರುತಿಸುವ 'ಅಲೆಕ್ಸ್‌ನೆಟ್' ರೂಪಿಸಿದರು. ಅದಕ್ಕೆ ತರಬೇತಿ ಕೊಟ್ಟದ್ದು ಎರಡು ಜಿಟಿಎಕ್ಸ್ 580 ಕಾರ್ಡುಗಳ ಮೇಲೆ, ಅಂದರೆ ಹುಡುಗರು ಗೇಮ್ ಆಡಲು ಕೊಳ್ಳುತ್ತಿದ್ದ ಕಾರ್ಡುಗಳ ಮೇಲೆ. ಇಂದಿನ ಕೃತಕ ಬುದ್ಧಿಮತ್ತೆಯ ಅಲೆಗೆ ಅದು ದೊಡ್ಡ ತಿರುವು.

ಇನ್ನೊಂದು ಗಿರಾಕಿ ಈಥೀರಿಯಂ ಮೈನಿಂಗ್. 2017-18ರಲ್ಲಿ ಒಮ್ಮೆ, 2020ರ ಕೊನೆಯಿಂದ 2022ರವರೆಗೆ ಇನ್ನೊಮ್ಮೆ ಕಾರ್ಡುಗಳು ಅಂಗಡಿಯಿಂದ ಮಾಯವಾದವು. ಸಿಕ್ಕರೂ ಕಂಪನಿ ಹೇಳಿದ ಬೆಲೆಗೆ ಸಿಗಲಿಲ್ಲ. 2022ರ ಸೆಪ್ಟೆಂಬರ್ 15ರಂದು ಈಥೀರಿಯಂ ಆ ಪದ್ಧತಿಯನ್ನೇ ಕೈಬಿಟ್ಟಿತು. ಹಗಲು ರಾತ್ರಿ ದುಡಿದ ಕಾರ್ಡುಗಳು ಸೆಕೆಂಡ್ ಹ್ಯಾಂಡ್ ಸಂತೆಗೆ ಬಂದವು. ಕಾದವರಿಗೆ ಬೆಲೆ ಇಳಿಯಿತು, ಅವಸರಪಟ್ಟವರು ದುಪ್ಪಟ್ಟು ಕೊಟ್ಟಿದ್ದರು. 2025ರ ಕೊನೆಯಲ್ಲಿ ಎಐ ಕೇಂದ್ರಗಳ ಬೇಡಿಕೆಯಿಂದ ರ್‍ಯಾಮ್ ಬೆಲೆ ಏರಿದ್ದೂ ಇದೇ ಬಗೆಯ ಕಥೆ. ನಮ್ಮ ಮನೆಯ ಹುಡುಗನಿಗೆ ಬೇಕಾದ ವಸ್ತುವಿನ ಬೆಲೆಯನ್ನು ಗೇಮ್ ಆಡದವರು ನಿರ್ಧರಿಸುತ್ತಾರೆ.

ಸೆಕೆಂಡ್ ಹ್ಯಾಂಡ್ ಕಾರ್ಡೆಲ್ಲ ಕೆಟ್ಟದ್ದೆಂದು ನಾವು ಹೇಳುವುದಿಲ್ಲ. ಬಿಲ್ ಕೇಳಿ. ವಾರಂಟಿ ಎಷ್ಟು ಉಳಿದಿದೆ, ಅದು ನಿಮಗೆ ಸಲ್ಲುತ್ತದೆಯೇ ಕೇಳಿ. ಕಣ್ಣೆದುರು ಅರ್ಧ ಗಂಟೆ ಭಾರದ ಗೇಮ್ ಓಡಿಸಿ, ಫ್ಯಾನಿನ ಸದ್ದು ಕೇಳಿ, ಬಿಸಿ ಎಷ್ಟಾಗುತ್ತದೆ ನೋಡಿ. ಒಪ್ಪದವರ ಬಳಿ ಕೊಳ್ಳಬೇಡಿ.

ಅಂಗಡಿಗೆ ಹೋಗುವ ಮೊದಲು

ಮೊದಲು ಮಾನಿಟರ್ ನೋಡಿ. 1080 ಸಾಲಿನ, 60 ಹರ್ಟ್ಸ್ ಪರದೆಗೆ 4ಕೆ ಕಾರ್ಡು ಹಾಕಿದರೆ ಹಣ ಹೆಚ್ಚು, ಕಾಣುವುದು ಅಷ್ಟೇ. ಸಿಪಿಯು ತೀರ ಹಳೆಯದಾದರೆ ಹೊಸ ಕಾರ್ಡು ಅದಕ್ಕಾಗಿ ಕಾಯುತ್ತಾ ಕೂರುತ್ತದೆ. ಓದಿಗೂ ಸಣ್ಣ ಗೇಮ್‌ಗೂ ಸಿಪಿಯು ಒಳಗಿನ ಗ್ರಾಫಿಕ್ಸೇ ಸಾಕಾಗಬಹುದು. ಆದರೆ ಇಂಟೆಲ್ ಸಿಪಿಯು ಹೆಸರಿನ ಕೊನೆಗೆ 'ಎಫ್' ಇದ್ದರೆ ಅದು ಇರುವುದಿಲ್ಲ.

ಪವರ್ ಸಪ್ಲೈಯಲ್ಲಿ ಉಳಿತಾಯ ಮಾಡಬೇಡಿ. ವೂಡೂ ಕಾಲದ ಕಾರ್ಡಿಗೆ ಸ್ಲಾಟಿನಿಂದ ಬರುವ ವಿದ್ಯುತ್ತೇ ಸಾಕಿತ್ತು. 2004ರಲ್ಲಿ ಬಂದ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ಗರಿಷ್ಠ 75 ವ್ಯಾಟ್ ಕೊಡುತ್ತದೆ. 2022ರ ಆರ್‌ಟಿಎಕ್ಸ್ 4090ಗೆ ಬೇಕಾದದ್ದು 450 ವ್ಯಾಟ್. ಕ್ಯಾಬಿನೆಟ್ ಜೊತೆ ಬರುವ ಹೆಸರಿಲ್ಲದ ಸಪ್ಲೈ ಕೆಟ್ಟರೆ ಕಾರ್ಡನ್ನೂ ಕೊಂಡೊಯ್ಯಬಹುದು. ಅಕ್ಟೋಬರ್, ನವೆಂಬರ್ ಸಂಜೆಗಳ ಸಿಡಿಲು ನಮ್ಮ ಊರಿಗೆ ಹೊಸದಲ್ಲ. ಮನೆಯ ಅರ್ಥಿಂಗ್ ಪರೀಕ್ಷಿಸಿ, ಗುಡುಗು ಶುರುವಾಗುವ ಮೊದಲೇ ಪ್ಲಗ್ ಕಿತ್ತು, ಇಂಟರ್ನೆಟ್ ಕೇಬಲನ್ನೂ ತೆಗೆಯಿರಿ.

ಹೆತ್ತವರಲ್ಲಿ ಒಂದು ವಿನಂತಿ. "ಗೇಮ್ ಆಡಿ ಹಾಳಾಗುತ್ತಾನೆ" ಎಂದು ಮಾತು ಮುಗಿಸಬೇಡಿ. ಎಎಂಡಿ ತನ್ನ ಅತಿ ದೊಡ್ಡ ವಿನ್ಯಾಸ ಕೇಂದ್ರವನ್ನು 2023ರ ನವೆಂಬರ್‌ನಲ್ಲಿ ತೆರೆದದ್ದು ಬೆಂಗಳೂರಿನಲ್ಲಿ. ಇಂಥ ಕಡೆ ಕೆಲಸ ಮಾಡುವವರಲ್ಲಿ ಎಷ್ಟೋ ಮಂದಿಗೆ ಮೊದಲ ಆಸಕ್ತಿ ಹುಟ್ಟಿದ್ದು ಮನೆಯ ಪಿಸಿ ಬಿಚ್ಚಿ ನೋಡಿದಾಗಲೇ ಇರಬಹುದು. ಯುವಮಿತ್ರರಲ್ಲೂ ಒಂದು ಮಾತು: ಅಪ್ಪನ ಎಷ್ಟು ತಿಂಗಳ ದುಡಿಮೆ ಈ ಕಾರ್ಡಿಗೆ ಹೋಗುತ್ತದೆ ಎಂಬ ಲೆಕ್ಕವನ್ನೂ ಆ ಪಟ್ಟಿಯಲ್ಲೇ ಬರೆಯಿರಿ.

ಯಾವ ಗೇಮ್, ಯಾವ ಕೆಲಸ, ಯಾವ ಮಾನಿಟರ್, ಎಷ್ಟು ಹಣ, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ತನ್ನಿ. ಭಾನುವಾರ ಪೂಜೆ ಮುಗಿದ ಮೇಲೆ ನಾವು ಹಾಲ್‌ನಲ್ಲಿ ಇರುತ್ತೇವೆ. ಕೂತು ನೋಡೋಣ.