ಸುರಪುರದ ದೊರೆ ಮತ್ತು ಒಂದು ಕಸ್ಟಡಿ ಸಾವು

ಮಾನವ ಹಕ್ಕುಗಳಲ್ಲಿ ಸ್ನಾತಕೋತ್ತರ ಪದವಿ ಮಾಡ್ತೀನಿ ಅಂತ ಯಾದಗಿರಿ ಕಡೆಯ ಹುಡುಗನೋ ಹುಡುಗಿಯೋ ಮನೆಯಲ್ಲಿ ಹೇಳಿದರೆ ಬರುವ ಮೊದಲ ಪ್ರಶ್ನೆ ಯಾವುದು ಹೇಳಿ? 'ಅದನ್ನ ಓದಿದರ ನೌಕರಿ ಸಿಗ್ತದೇನು?' ಎರಡನೇ ಪ್ರಶ್ನೆ, 'ಅದರಾಗ ಓದೂದು ಏನೈತಿ?' ನೌಕರಿ ವಿಷಯಕ್ಕೆ ಆಮೇಲೆ ಬರೋಣ. ಇವತ್ತು ಎರಡನೇ ಪ್ರಶ್ನೆ ಹಿಡಿದುಕೊಂಡು ಸುರಪುರಕ್ಕೆ ಹೋಗೋಣ.

ನಾನು ಓದಿದ್ದು ಎಂಜಿನಿಯರಿಂಗ್. ಒಂದು ಸೇತುವೆ ಕುಸಿದರೆ ನಮಗೆ ಕಲಿಸಿದ್ದು ಇಷ್ಟೇ: ಅಳಬೇಡ, ಕೇಳು. ಡ್ರಾಯಿಂಗ್ ಯಾರು ಮಾಡಿದರು? ಲೋಡ್ ಎಷ್ಟಿತ್ತು? ಸಹಿ ಯಾರದ್ದು? ಮಾನವ ಹಕ್ಕುಗಳ ಓದು ಕೂಡ ಹೆಚ್ಚುಕಡಿಮೆ ಇದೇ ಕೆಲಸ. ಸೇತುವೆ ಜಾಗದಲ್ಲಿ ಮನುಷ್ಯ ಇರ್ತಾನೆ, ಅಷ್ಟೇ ವ್ಯತ್ಯಾಸ.

ಸುರಪುರದ ನಾಯಕರು ಯಾರಿಗೂ ಸುಲಭವಾಗಿ ತಲೆಬಾಗಿದವರಲ್ಲ. 1705ರಲ್ಲಿ ಮುದುಕನಾಗಿದ್ದ ಔರಂಗಜೇಬ್ ಖುದ್ದಾಗಿ ಬಂದು ವಾಗಣಗೇರಿ ಕೋಟೆಗೆ ಮುತ್ತಿಗೆ ಹಾಕಬೇಕಾಯಿತು. ಅದು ಅವನ ಬದುಕಿನ ಕೊನೆಯ ದೊಡ್ಡ ದಂಡಯಾತ್ರೆ. ಇದೆಲ್ಲ ನಿಮಗೆ ಗೊತ್ತಿರುವ ಕಥೆ. ನಾನು ಹೇಳಬೇಕಾಗಿರೋದು ಅದಾಗಿ ನೂರೈವತ್ತು ವರ್ಷದ ನಂತರದ್ದು.

1840ರ ದಶಕದ ಆರಂಭದಲ್ಲಿ ಸುರಪುರದ ದೊರೆ ಕೃಷ್ಣಪ್ಪ ನಾಯಕ ತೀರಿಕೊಂಡಾಗ ಮಗ ವೆಂಕಟಪ್ಪ ಇನ್ನೂ ಚಿಕ್ಕ ಹುಡುಗ. ಸಂಸ್ಥಾನ ನೋಡಿಕೊಳ್ಳೋಕೆ ಬ್ರಿಟಿಷರ ಕಡೆಯಿಂದ ಬಂದವನು ಫಿಲಿಪ್ ಮೆಡೋಸ್ ಟೇಲರ್. ಕಾದಂಬರಿಕಾರ, ಅಧಿಕಾರಿ. ಸುರಪುರದಲ್ಲಿ ಅವನು ಕಟ್ಟಿಸಿದ ಬಂಗಲೆಯನ್ನ ಜನ ಈಗಲೂ ಟೇಲರ್ ಮಂಜಿಲ್ ಅಂತಲೇ ಕರೀತಾರೆ. ಹುಡುಗ ಅವನನ್ನ 'ಅಪ್ಪಾ' ಅಂತಿದ್ದ. 1853ರಲ್ಲಿ ಪ್ರಾಯಕ್ಕೆ ಬಂದ ವೆಂಕಟಪ್ಪನ ಕೈಗೆ ಆಡಳಿತ ಬಂತು, ಟೇಲರ್ ಹೊರಟುಹೋದ. ನಾಲ್ಕೈದು ವರ್ಷದಲ್ಲಿ ದಂಗೆ ಶುರುವಾಯಿತು. 1858ರ ಫೆಬ್ರವರಿಯಲ್ಲಿ ಕಂಪನಿ ಸೈನ್ಯ ಸುರಪುರಕ್ಕೆ ಬಂತು, ಕಾಳಗ ಆಯಿತು, ಇಂಗ್ಲಿಷ್ ಅಧಿಕಾರಿಗಳು ಸತ್ತರು. ರಾಜ ವೆಂಕಟಪ್ಪ ನಾಯಕ ಹೈದರಾಬಾದಿಗೆ ಹೋದ. ಅಲ್ಲಿ ಸೆರೆ ಸಿಕ್ಕ.

ಇಲ್ಲಿಂದ ಮುಂದಿನದ್ದನ್ನ ಮಾನವ ಹಕ್ಕುಗಳ ವಿದ್ಯಾರ್ಥಿಯ ಕಣ್ಣಿಂದ ನೋಡಿ. ವಿಚಾರಣೆ ನಡೀತು, ಮರಣದಂಡನೆ ಆಯಿತು. ರೆಸಿಡೆಂಟ್ ಅದನ್ನ ಜೀವಾವಧಿ ಗಡೀಪಾರಿಗೆ ಇಳಿಸಿದ. ಗವರ್ನರ್ ಜನರಲ್ ಅದನ್ನೂ ಇಳಿಸಿ ನಾಲ್ಕು ವರ್ಷದ ಸೆರೆ ಅಂದ. ಮದ್ರಾಸ್ ಕಡೆಯ ಕೋಟೆಯೊಂದರಲ್ಲಿ ಇರಬೇಕು, ನಡತೆ ಸರಿಯಿದ್ದರೆ ಸಂಸ್ಥಾನ ವಾಪಸ್ ಸಿಗಬಹುದು. ಅಂದ್ರೆ ಬದುಕು ಉಳೀತು. ಆದರೆ ಕರೆದುಕೊಂಡು ಹೋಗುವ ದಾರಿಯಲ್ಲೇ, ಬೆಂಗಾವಲಿನ ಅಧಿಕಾರಿಯ ರಿವಾಲ್ವರಿನಿಂದ ಗುಂಡು ಹಾರಿ ದೊರೆ ಸತ್ತ. ವಯಸ್ಸು ಇಪ್ಪತ್ನಾಲ್ಕರ ಆಸುಪಾಸು.

ಅಧಿಕಾರಿ ಸೊಂಟದ ಪಟ್ಟಿಯನ್ನ ಬಿಚ್ಚಿ ಇಟ್ಟಿದ್ದ, ಅದರಲ್ಲಿ ರಿವಾಲ್ವರ್ ಇತ್ತು, ಆತ ಆಚೆ ಹೋದಾಗ ಗುಂಡಿನ ಸದ್ದು ಕೇಳಿತು. ಇದು ಟೇಲರ್ ಬರೆದಿಟ್ಟ ಕಥೆ. ಅವನು ಅಲ್ಲಿ ಇರಲಿಲ್ಲ. ಅವನ ಆತ್ಮಕಥೆ ಅಚ್ಚಾಗಿದ್ದು 1877ರಲ್ಲಿ, ಅವನೇ ಸತ್ತ ಮೇಲೆ. ಟೇಲರನಿಗೆ ಆ ಹುಡುಗನ ಮೇಲೆ ನಿಜವಾದ ಪ್ರೀತಿ ಇತ್ತು ಅನ್ನೋದು ನನ್ನ ನಂಬಿಕೆ. ಆದರೆ ಪ್ರೀತಿ ಬೇರೆ, ಸಾಕ್ಷ್ಯ ಬೇರೆ. ಸೆರೆಯಾಳಿನ ಕೈಗೆಟುಕುವ ಜಾಗದಲ್ಲಿ ತುಂಬಿದ ರಿವಾಲ್ವರ್ ಇಟ್ಟಿದ್ದು ಯಾರ ತಪ್ಪು? ಸಹಿ ಯಾರದ್ದು? ಸುರಪುರದಲ್ಲಿ ಜನ ಅವನನ್ನ ಹುತಾತ್ಮ ಅಂತಾರೆ. ಇಂಗ್ಲಿಷರ ಬರಹ ಆಕಸ್ಮಿಕವೋ ಆತ್ಮಹತ್ಯೆಯೋ ಅಂತ ತೂಗುತ್ತೆ. ನಾವು ಮಾಡಿದ್ದೇನು? ಪ್ರತಿಮೆಗೆ ಹಾರ ಹಾಕಿದೆವು, ಭಾಷಣ ಮಾಡಿದೆವು. ಕೇಸ್ ಫೈಲ್ ತೆರೀಲಿಲ್ಲ.

ಇವತ್ತಿನ ಕಾನೂನಿನಲ್ಲಿ ಇದಕ್ಕೆ ಹೆಸರಿದೆ: ಕಸ್ಟಡಿ ಸಾವು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1993ರ ಅಕ್ಟೋಬರ್ 12ರಂದು ಹುಟ್ಟಿತು. ಎರಡೇ ತಿಂಗಳಲ್ಲಿ, ಡಿಸೆಂಬರ್ 14ಕ್ಕೆ, ಕಸ್ಟಡಿಯಲ್ಲಿ ಸಾವಾದರೆ 24 ಗಂಟೆಯೊಳಗೆ ತನಗೆ ವರದಿ ಕಳಿಸಬೇಕು ಅಂತ ಹೇಳಿತು. 1996ರಲ್ಲಿ ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಬಂಧನದ ನಿಯಮಗಳನ್ನೇ ಬರೆದುಕೊಟ್ಟಿತು. ಆಮೇಲೆ ದಂಡ ಪ್ರಕ್ರಿಯಾ ಸಂಹಿತೆಗೆ ತಿದ್ದುಪಡಿ ಆಗಿ, ಇಂಥ ಸಾವಿನ ವಿಚಾರಣೆಯನ್ನ ನ್ಯಾಯಾಂಗ ಮ್ಯಾಜಿಸ್ಟ್ರೇಟರೇ ಮಾಡಬೇಕು ಅಂತ ಆಯಿತು. ಈ ಒಂದೊಂದು ನಿಯಮವನ್ನೂ 1858ರ ಆ ದಿನದ ಪಕ್ಕದಲ್ಲಿಟ್ಟು ನೋಡಿ. ಆವಾಗ ಪಾಠ ಅರ್ಥ ಆಗುತ್ತೆ. ಜಿನೀವಾದ ಉದಾಹರಣೆ ಕೊಟ್ಟರೆ ಹುಡುಗರು ತೂಕಡಿಸ್ತಾರೆ ಸ್ವಾಮಿ.

ದೊರೆ ಹೋದ ಮೇಲೆ ಸುರಪುರ ಏನಾಯಿತು? 1860ರ ಒಪ್ಪಂದದಲ್ಲಿ ಬ್ರಿಟಿಷರು ಅದನ್ನ ನಿಜಾಮನಿಗೆ ಕೊಟ್ಟರು. ದಂಗೆಯ ಕಾಲದಲ್ಲಿ ಜೊತೆಗಿದ್ದದ್ದಕ್ಕೆ ಬಹುಮಾನ. ಊರಿನ ಜನರನ್ನ ಯಾರೂ ಕೇಳಲಿಲ್ಲ. ನಿಜಾಮನ ರಾಜ್ಯದಲ್ಲಿ ಸಾಲಕ್ಕೆ ಜೀತ ಇರುವ ಪದ್ಧತಿ ಎಷ್ಟು ಬೇರು ಬಿಟ್ಟಿತ್ತು ಅಂದ್ರೆ, 1936ರಲ್ಲಿ ಅದಕ್ಕೆ ಕಡಿವಾಣ ಹಾಕೋಕೆ ಭಾಗೇಲಾ ಕರಾರುಗಳ ಕಾನೂನು ಬಂತು. ಕಾಗದದಲ್ಲಿ ಬಂತು. ಇಡೀ ದೇಶಕ್ಕೆ ಜೀತ ರದ್ದತಿ ಕಾಯ್ದೆ ಬರೋಕೆ 1976 ಆಗಬೇಕಾಯಿತು.

ಈಗ 1948. ಇದನ್ನ ಹೇಳುವಾಗ ಟಿ.ವಿ.ಯಲ್ಲಿ ಎಲ್ಲರೂ ದನಿ ಏರಿಸ್ತಾರೆ. ನಾನು ಇಳಿಸ್ತೀನಿ. ಹೈದರಾಬಾದ್ ತನ್ನ ದೂರನ್ನ ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೆ ಒಯ್ದಿತ್ತು. ಮಂಡಳಿ ಪ್ಯಾರಿಸ್‌ನಲ್ಲಿ ಅದನ್ನ ಕೈಗೆತ್ತಿಕೊಂಡಿದ್ದು ಸೆಪ್ಟೆಂಬರ್ 16ಕ್ಕೆ. ಮರುದಿನ, 17ಕ್ಕೆ, ನಿಜಾಮ ಶರಣಾದ. ರಜಾಕಾರರ ಹಾವಳಿ ಮುಗೀತು. ಆ ಹಾವಳಿ ಸುಳ್ಳಲ್ಲ, ನಮ್ಮ ಹಿರಿಯರು ಅನುಭವಿಸಿದ್ದು. ಆದರೆ ಅದರ ನಂತರ ಇನ್ನೊಂದು ಅಧ್ಯಾಯ ಇದೆ. ಮುಸ್ಲಿಮರ ಮೇಲೆ ದಾಳಿಗಳಾದವು. ದಿಲ್ಲಿಯಿಂದ ಪಂಡಿತ್ ಸುಂದರ್‌ಲಾಲ್ ತಂಡ ಬಂದು ನವೆಂಬರ್ ಕೊನೆಯಿಂದ ಡಿಸೆಂಬರ್ ಮೂರನೇ ವಾರದವರೆಗೆ ಸುತ್ತಿತು. ಅದರ ಅಂದಾಜಿನ ಪ್ರಕಾರ ಇಡೀ ರಾಜ್ಯದಲ್ಲಿ ಸತ್ತವರು 27,000ದಿಂದ 40,000. ಅತಿ ಹೆಚ್ಚು ಪೆಟ್ಟು ತಿಂದ ನಾಲ್ಕು ಜಿಲ್ಲೆಗಳಲ್ಲಿ ಗುಲ್ಬರ್ಗ ಒಂದು. ಯಾದಗಿರಿ, ಶಹಾಪುರ, ಸುರಪುರ ಆಗ ಅದೇ ಜಿಲ್ಲೆಯಲ್ಲಿದ್ದವು. ಸರ್ಕಾರ ಆ ವರದಿಯನ್ನ ಪ್ರಕಟಿಸಲಿಲ್ಲ, ದಶಕಗಳ ಕಾಲ ಮುಚ್ಚಿಟ್ಟಿತು. ಅದೇ ವರದಿಯಲ್ಲಿ ಇನ್ನೊಂದು ಮಾತೂ ಇದೆ: ಒಂದೇ ಕಸುಬಿನವರು ಒಬ್ಬರನ್ನೊಬ್ಬರು ಕಾಪಾಡಿದರು, ಮುಸ್ಲಿಂ ನೇಕಾರರನ್ನ ಉಳಿಸಲು ಹೋಗಿ ಹಿಂದೂ ನೇಕಾರರು ಪ್ರಾಣ ಕೊಟ್ಟದ್ದೂ ಉಂಟು.

ಆ ತಂಡ ನಮ್ಮ ಹಳ್ಳಿಗಳಲ್ಲಿ ತಿರುಗಾಡ್ತಿದ್ದ ದಿನಗಳಲ್ಲೇ, ಡಿಸೆಂಬರ್ 10ಕ್ಕೆ, ಅದೇ ಪ್ಯಾರಿಸ್‌ನಲ್ಲಿ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆ ಅಂಗೀಕಾರ ಆಯಿತು. ಪರವಾಗಿ 48 ಮತ, ವಿರೋಧ ಇಲ್ಲ, 8 ದೇಶ ತಟಸ್ಥ. 'ಎಲ್ಲ ಪುರುಷರು' ಎಂಬರ್ಥ ಬರುವ ಸಾಲನ್ನ 'ಎಲ್ಲ ಮಾನವರು' ಅಂತ ಬದಲಿಸಲು ಹಟ ಹಿಡಿದವರು ಭಾರತದ ಹಂಸಾ ಮೆಹ್ತಾ. ಎರಡೂ ಒಂದೇ ತಿಂಗಳಿನದ್ದು. ನಮ್ಮ ಪಠ್ಯಪುಸ್ತಕದಲ್ಲಿ ಇವೆರಡು ಭೇಟಿಯೇ ಆಗಲ್ಲ.

ಇನ್ನು ನೌಕರಿ. ಸುಳ್ಳು ಹೇಳಲ್ಲ, ಈ ಪದವಿ ತೋರಿಸಿದ ಕೂಡಲೇ ಯಾರೂ ಆರ್ಡರ್ ಕಾಪಿ ಕೊಡಲ್ಲ. ಮಕ್ಕಳ ರಕ್ಷಣಾ ಘಟಕ, ಕಾನೂನು ಸೇವಾ ಪ್ರಾಧಿಕಾರ, ಸ್ವಯಂಸೇವಾ ಸಂಸ್ಥೆ, ಪತ್ರಿಕೆ, ಇಲ್ಲೆಲ್ಲ ಉಪಯೋಗಕ್ಕೆ ಬರುತ್ತೆ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆ ಮಾನವ ಹಕ್ಕು ಕಾನೂನಿನಲ್ಲಿ ಸ್ನಾತಕೋತ್ತರ ಡಿಪ್ಲೊಮಾವನ್ನ ದೂರಶಿಕ್ಷಣದಲ್ಲಿ ನಡೆಸಿಕೊಂಡು ಬಂದಿದೆ. ಊರು ಬಿಡದೆ ಓದಬಹುದು, ಆದರೆ ಇಂಗ್ಲಿಷ್ ಬೇಕು. ನನ್ನ ತಕರಾರು ಅಲ್ಲೇ. ಯಾದಗಿರಿ 2009ರ ಕೊನೆಯಲ್ಲಿ ರಾಜ್ಯದ 30ನೇ ಜಿಲ್ಲೆಯಾಯಿತು. 2011ರ ಜನಗಣತಿಯಲ್ಲಿ ಅಲ್ಲಿನ ಸಾಕ್ಷರತೆ ಶೇ 51.83, ರಾಜ್ಯದಲ್ಲೇ ಕೊನೆ. ಹೆಂಗಸರದ್ದು ಶೇ 41ರ ಸುಮಾರು. 371ಜೆ ಬಂದು ಸೀಟು, ಹುದ್ದೆ ಮೀಸಲಾದವು, ಒಳ್ಳೇದೇ. ಆದರೆ ಮಾನವ ಹಕ್ಕುಗಳ ಪಠ್ಯವೇ ಕನ್ನಡದಲ್ಲಿ ಸರಿಯಾಗಿ ಸಿಗದಿದ್ದರೆ ಆ ಸೀಟಿನಲ್ಲಿ ಕೂತ ಹುಡುಗಿ ಏನನ್ನ ಓದಬೇಕು? ಹಕ್ಕುಗಳ ಅರಿವು ಹಬ್ಬಿಸುವುದು ಆಯೋಗದ ಕೆಲಸ ಅಂತ 1993ರ ಕಾಯ್ದೆಯೇ ಹೇಳುತ್ತೆ.

ಅದೇ ಕಾಯ್ದೆಯಲ್ಲಿ ಇನ್ನೊಂದು ಕಲಂ ಇದೆ. ಘಟನೆ ನಡೆದು ಒಂದು ವರ್ಷ ದಾಟಿದರೆ ಆಯೋಗ ವಿಚಾರಣೆ ಮಾಡುವ ಹಾಗಿಲ್ಲ. ಹುಣಸಗಿಯ ಕೂಲಿಯವರಿಗೆ, ಶಹಾಪುರದಲ್ಲಿ ಹತ್ತಿ ಬಿಡಿಸುವವರಿಗೆ ಇದನ್ನ ಹೇಳುವವರು ಯಾರು? ತಾಲೂಕಿಗೊಬ್ಬರಾದರೂ ಇದನ್ನ ಓದಿಕೊಂಡವರು ಬೇಕು ಅಂತ ನಾನು ಹೇಳೋದು ಇದಕ್ಕೇ.

ಡಿಸರ್ಟೇಶನ್‌ಗೆ ವಿಷಯ ಸಿಗ್ತಿಲ್ಲ ಅನ್ನೋ ವಿದ್ಯಾರ್ಥಿಗಳಿಗೆ ಒಂದು ಮಾತು. 1948ರಲ್ಲಿ ಹತ್ತು ವರ್ಷದವರಾಗಿದ್ದವರು 1938ರಲ್ಲಿ ಹುಟ್ಟಿದವರು. ಎರಡೂ ಕಡೆಯವರು ಇನ್ನೂ ಕೆಲವರು ಇದ್ದಾರೆ, ಕೆಲವರ ನೆನಪು ಇನ್ನೂ ಗಟ್ಟಿ ಇದೆ. ಮೊಬೈಲ್ ತಗೊಂಡು ಹೋಗಿ. ರೆಕಾರ್ಡ್ ಬಟನ್ ಒತ್ತುವ ಮುಂಚೆ ಅವರ ಒಪ್ಪಿಗೆ ಕೇಳಿ.